ಸೊನ್ನೆಗಿಳಿದ ಮುಳ್ಳು

ಮೀಟರಿನ ಮುಳ್ಳು ಹತ್ತರಲ್ಲಿ ನಿಂತದ್ದೇ ಎಲ್ಲದಕ್ಕೂ ಮೂಲ.

ಚಳ್ಳಕೆರೆಯ ಪಂಪ್‌ಸೆಟ್ ಮೆಕ್ಯಾನಿಕ್ ಅಫ್ಜಲನ ಕೈಗೆ ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೊದ ಲೈಸೆನ್ಸ್ ಬಂದು ವಾರವಾಗಿತ್ತು. ಪಾಠ ಹೇಳಿಕೊಟ್ಟವರು ಮೊಳಕಾಲ್ಮುರಿನ ಚಿತ್ತಪ್ಪ ಮೇಷ್ಟ್ರು. ಅಂದು ಸಂಜೆ ಐದಕ್ಕೆ ತನ್ನ ದನಿ ಅವರ ಸೆಟ್ಟಿಗೆ ಮುಟ್ಟುತ್ತದೆಂದು ಅಫ್ಜಲ್ ಓಣಿಗೆಲ್ಲ ಸಾರಿಬಿಟ್ಟಿದ್ದ. ಆದರೆ ಸೆಟ್ಟು ಕಳಿಸಿದ ನಲವತ್ತು ವ್ಯಾಟಿನಲ್ಲಿ ಹತ್ತು, ಬೀಗ ಹಾಕಿದ ಮನೆಗೆ ಹೋದ ನೆಂಟರಂತೆ, ಅಳತೆ ಹೊಂದದ ಆಂಟೆನಾದಿಂದ ವಾಪಸ್ ಬರುತ್ತಿತ್ತು; ಮುಳ್ಳು ತೋರಿಸುತ್ತಿದ್ದುದು ಅದನ್ನೇ.

ಬೆಳಗ್ಗೆ ಮೇಷ್ಟ್ರು ಫೋನಿನಲ್ಲಿ ಸಮಾಧಾನವಾಗಿ ಹೇಳಿದರು: “ಮೂವತ್ತು ಹೊರಗೆ ಹೋಗ್ತೈತಲ್ಲಪ್ಪ, ಸಾಕು. ಏನೂ ಮುಟ್ಬ್ಯಾಡ.”

ಅಫ್ಜಲ್ ಮುಟ್ಟಿದ. ಆಂಟೆನಾ ಕೊಳವೆಯನ್ನು ಬೆರಳಗಲ ಕತ್ತರಿಸಿದ. ಏಣಿ ಇಳಿದು, ದನಿ ಹೊರಗೆ ಕಳಿಸುವ ಮೈಕಿನ ಗುಂಡಿ ಒತ್ತಿ ಮುಳ್ಳು ನೋಡಿದ. ಹತ್ತು! ಗುಂಡಿ ಒತ್ತಿಕೊಂಡೇ ಪಕ್ಕದ ಮನೆಯ ತಿಪ್ಪೇರುದ್ರಪ್ಪನಿಗೆ ದೂರಿದ: “ಸಾಕಂತೆ! ಅವರಿಗೇನ್ರಿ ಗೊತ್ತು? ಅವರ ಸೆಟ್ಟೇ ತಗಡು ಡಬ್ಬ!”

ತಿಪ್ಪೇರುದ್ರಪ್ಪ ಹಿಂದೊಮ್ಮೆ ಮನೆಮನೆಗೆ ಟಿವಿ ಕೇಬಲ್ ಎಳೆದ ಮನುಷ್ಯ. “ಲೇ, ನಿನ್ ವಯರೇ ಸರಿ ಇಲ್ಲ ಕಣೋ. ನಮ್ ಮಾಳಿಗಿ ಮ್ಯಾಲೆ ಎಂಟು ಮಳಿಗಾಲ ಕಂಡ ಕೇಬಲ್ ಸುರುಳಿ ಐತೆ, ಹಾಕು.”

ಕತ್ತರಿಸಲು ಮನಸ್ಸಾಗದೆ ಸೆಟ್ಟಿಗೂ ಆಂಟೆನಾಕ್ಕೂ ನಡುವೆ ಇಡೀ ಸುರುಳಿಯನ್ನೇ ಜೋಡಿಸಿದರು. ಗುಂಡಿ ಒತ್ತಿದರೆ ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ. ಒಂದು ವ್ಯಾಟೂ ವಾಪಸ್ಸಿಲ್ಲ! ಅಫ್ಜಲ್ ಮುಳ್ಳಿನ ಫೋಟೊ ತೆಗೆದ. ತಾಯಿ ಫಾತಿಮಾ ಬೀ ಓಣಿಗೆಲ್ಲ ಶರಬತ್ತು ಹಂಚಿದರು. ತಿಪ್ಪೇರುದ್ರಪ್ಪ ಮಗಳ ಮದುವೆಯಲ್ಲೂ ನಿಂತಿರದಷ್ಟು ಎದೆಯುಬ್ಬಿಸಿ ಕೇಬಲ್ ಪಕ್ಕ ನಿಂತ.

ಐದಾಯಿತು. ಅಫ್ಜಲ್ ಆರು ಸಲ ಕರೆದ. ಅತ್ತಣಿಂದ ಬರೀ ಗೊರಗೊರ. ಕೊನೆಗೆ ಫೋನೇ ಬಂತು. ಓಣಿಯೂ ಕೇಳಲೆಂದು ಅವನು ಸ್ಪೀಕರ್ ಒತ್ತಿದ.

“ಯಾಕಪ್ಪ, ಕರೀಲೇ ಇಲ್ಲ?” ಎಂದರು ಮೇಷ್ಟ್ರು. ಸುರುಳಿಯ ಕತೆ ಕೇಳಿ ನಕ್ಕರು. “ನೀರು ಕುಡಿದ ಆ ಕೇಬಲ್ಲು ಹೋಗೋದನ್ನೂ ದಾರಿಯಾಗೇ ತಿಂತೈತೆ, ವಾಪಸ್ ಬರೋದನ್ನೂ ತಿಂತೈತೆ. ಮುಳ್ಳಿಗೆ ಇನ್ನೇನ್ ಕಾಣ್ಬೇಕು?”

“ಹಂಗಾದ್ರೆ ನನ್ ದನಿ ಮುಟ್ಟಲೇ ಇಲ್ವಾ ಸಾರ್?”

“ಬೆಳಗ್ಗೆ ಗಂಟೆ ಹೊಡ್ದಂಗೆ ಮುಟ್ತಲ್ಲ! ಆಗಿನಿಂದ್ಲೂ ತಗಡು ಡಬ್ಬದ ಮುಂದೇ ಕುಂತೀನಿ.”

ಅಫ್ಜಲನ ಮುಖ ಮೀಟರಿನ ಮುಳ್ಳಿಗಿಂತ ಕೆಳಗಿಳಿಯಿತು.

ತಿಪ್ಪೇರುದ್ರಪ್ಪನ ಎದೆ ಮಾತ್ರ ಇನ್ನಷ್ಟು ಉಬ್ಬಿತು. “ನೋಡ್ದೇನಲೇ? ನಮ್ ಕೇಬಲ್ ಹಾಕಿದ್ಮ್ಯಾಲೆ ನೀನು ಬೈದಿದ್ದು ಒಂದೂ ಹೋಗಿಲ್ಲ!”