ಶಂಕರೆಪ್ಪನ ಒಂಟಿಗಾಲಿನ ಹಾಯಿದೋಣಿ

ಇಂಡಿ ಊರಿನ ಶಂಕರೆಪ್ಪನಿಗೆ ನಿಂಬೆಯ ತೋಟವಿತ್ತು, ಎರಡು ಬೋರುಗಳಿದ್ದವು (ಒಂದರಲ್ಲಿ ನೀರೂ ಇತ್ತು), ಕಟ್ಟೆಯ ಮೇಲೆ ಕೂತವರು ಎದ್ದು ಜಾಗ ಕೊಡುವಷ್ಟು ಮರ್ಯಾದೆಯೂ ಇತ್ತು. ಈ ಮರ್ಯಾದೆ ಇಂಡಿಯ ಬಸ್ ಸ್ಟ್ಯಾಂಡಿನಿಂದ ಬಸವನ ಬಾಗೇವಾಡಿಯವರೆಗೆ ಗಟ್ಟಿಯಾಗಿರುತ್ತಿತ್ತು. ಅಲ್ಲಿಂದ ಮುಂದೆ, ಹೆಂಡತಿಯ ತವರೂರು ಹತ್ತಿರ ಬಂದಂತೆ, ಬಿಸಿಲಿಗಿಟ್ಟ ಬೆಲ್ಲದ ಹಾಗೆ ಕರಗತೊಡಗುತ್ತಿತ್ತು.

ಕಾರಣ ಹಳೆಯದು. ಮದುವೆಯಾದ ಹೊಸತರಲ್ಲಿ ಹೆಂಡತಿಯ ತಮ್ಮ ಸಿದ್ಧರಾಮ ಇವನನ್ನು ಹರಗೋಲಿನಲ್ಲಿ ಕೂಡಿಸಿಕೊಂಡು ಕೃಷ್ಣೆಯನ್ನು ತೋರಿಸಲು ಹೋಗಿದ್ದ. ಹರಗೋಲು ಒಂದೇ ಒಂದು ಸುತ್ತು ತಿರುಗಿತು. ಶಂಕರೆಪ್ಪ ಭಾವಮೈದುನನ ಕಾಲನ್ನು ಅಪ್ಪಿ ಹಿಡಿದು, "ಯವ್ವಾ, ನಾ ಸತ್ತೆನವ್ವಾ!" ಎಂದು ಕೂಗಿದ್ದು ಆಚೆ ದಂಡೆಗೂ ಕೇಳಿಸಿತು. ಅಲ್ಲಿ ನೀರು ಮೊಣಕಾಲುಮಟ್ಟ ಇತ್ತು ಎಂಬುದನ್ನು ಸಿದ್ಧರಾಮ ಆಮೇಲೆ, ಎಲ್ಲರೂ ಊಟಕ್ಕೆ ಕೂತಾಗ, ನಿಧಾನವಾಗಿ ಹೇಳಿದ.

ಮುಂದೆ ಆಲಮಟ್ಟಿ ಅಣೆಕಟ್ಟು ತುಂಬಿ ಆ ಊರೇ ಹಿನ್ನೀರಿನಲ್ಲಿ ಮುಳುಗಿತು. ಬೀಗರು ಎತ್ತರದ ಹೊಸ ಊರಿಗೆ ಬಂದರು. ಬರುವಾಗ ಬಾಗಿಲು, ಚೌಕಟ್ಟು, ತೊಲೆ ಎಲ್ಲವನ್ನೂ ಕಿತ್ತು ತಂದರು. ಈ ಕಥೆಯೊಂದನ್ನಾದರೂ ಅಲ್ಲೇ ಬಿಟ್ಟು ಬರಬಹುದಿತ್ತು; ಬಿಡಲಿಲ್ಲ. ಹಬ್ಬಕ್ಕೆ ಹೋದಾಗಲೆಲ್ಲ ಹೋಳಿಗೆಯ ಜೊತೆ ಅದನ್ನೂ ಬಡಿಸುತ್ತಿದ್ದರು. "ಇಂಡಿ ಮಂದಿಗೆ ನೀರು ಅಂದ್ರ ಲಿಂಬಿ ಶರಬತ್ತಿನ ನೀರಷ್ಟ ಗೊತ್ತು. ಹೌದಲ್ರಿ ಮಾಮಾ?" ಎಂದು ಸಿದ್ಧರಾಮ ಕೇಳುವುದು, ಮಾಮಾ ನಗುವುದು, ಒಳಗೊಳಗೆ ಹಲ್ಲು ಕಡಿಯುವುದು ವರ್ಷ ವರ್ಷವೂ ನಡೆದಿತ್ತು.

ಈ ಸಲದ ದೀಪಾವಳಿಯಲ್ಲಿ ಹಲ್ಲು ಕಡಿದು ಕಡಿದು ದವಡೆ ನೋಯತೊಡಗಿದಾಗ ಶಂಕರೆಪ್ಪ ಪ್ರತಿಜ್ಞೆ ಮಾಡಿದ. ಸಂಕ್ರಾಂತಿಗೆ ಸುತ್ತಲ ಊರಿನ ಮಂದಿಯೆಲ್ಲ ಹಿನ್ನೀರಿನ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತಿರುತ್ತಾರಲ್ಲ, ಆಗ ಅವರೆಲ್ಲರ ಕಣ್ಣೆದುರು ತಾನು ನೀರಿನ ಮೇಲೆಯೇ ಮಾವನ ಮನೆಗೆ ಬರಬೇಕು. ಹರಗೋಲಿನಲ್ಲಲ್ಲ, ಸ್ವಂತದ ಹಾಯಿದೋಣಿಯಲ್ಲಿ.

ಹೊಸದನ್ನು ಕೊಳ್ಳುವುದು ಆಗದ ಮಾತು. ಹಳೆಯ ಹಾಯಿದೋಣಿಯನ್ನು ಆರಿಸುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಅವನು ತೋಟವನ್ನೇ ಮರೆತ. ಹೆಂಡತಿ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಾಗ ಒಲೆಯ ಮುಂದೆ ಕೂತು ಪಾಠ ಒಪ್ಪಿಸಿದ.

"ಮ್ಯಾಲಿನ ಬಟ್ಟಿ ನೋಡಿ ದೋಣಿ ತಗೋಬಾರದು ಕಸ್ತೂರಿ. ಕೆಳಗಿನ ಕೀಲ್ ನೋಡಬೇಕು."

"ಅದೇನದು?"

"ದೋಣಿ ಹೊಟ್ಟಿ ಕೆಳಗ ಭಾರದ್ದೊಂದು ರೆಕ್ಕಿ ಇರ್ತೈತಿ. ಗಾಳಿ ಎಷ್ಟ ದೂಡಲಿ, ದೋಣಿ ಮಗಚಿ ಬೀಳಲಾರದಂಗ ಹಿಡೀತೈತಿ."

"ನಿಮಗೂ ಒಂದು ಹಚ್ಚಿಸ್ಕೊಂಡು ಬರ್ರಿ ಹಂಗಾದ್ರ," ಎಂದು ಕಸ್ತೂರೆವ್ವ ರೊಟ್ಟಿ ತಿರುವಿ ಹಾಕಿದಳು.

ಮುದ್ದೇಬಿಹಾಳದಲ್ಲಿ ಕುತುಬುದ್ದೀನ ಎಂಬ ಗುಜರಿ ವ್ಯಾಪಾರಿ ಇದ್ದ. ಗೋವಾ ಕಡೆಯಿಂದ ಹಳೆಯ ಕಬ್ಬಿಣ ತರಿಸಿದಾಗ ಅದರ ಜೊತೆ ಮೂರು ಹಾಯಿದೋಣಿಗಳು ಅವನ ಕೊರಳಿಗೆ ಬಿದ್ದಿದ್ದವು. ಶಂಕರೆಪ್ಪ ಹೆಂಡತಿಯನ್ನೂ ಅಮೋಘಸಿದ್ಧನನ್ನೂ ಕರೆದುಕೊಂಡು ಹೋದ. ಅಮೋಘಸಿದ್ಧ ದನದ ದಲಾಲಿ. ಅವನ ಕೈ ಸೋಕದೆ ಶಂಕರೆಪ್ಪನ ಮನೆಗೆ ಎತ್ತಾಗಲಿ ಎಮ್ಮೆಯಾಗಲಿ ಬಂದದ್ದಿಲ್ಲ. ಟ್ರ್ಯಾಕ್ಟರನ್ನೂ ಅವನೇ ಬೆನ್ನು ಚಪ್ಪರಿಸಿ ಪಾಸು ಮಾಡಿದ್ದ.

ಮೊದಲನೆಯ ದೋಣಿಗೆ ಮೂತಿಯಿಂದ ಬಾಲದವರೆಗೆ ಉದ್ದಕ್ಕೂ ಕೀಲ್ ಇತ್ತು. ಅಮೋಘಸಿದ್ಧ ಸುತ್ತು ಹಾಕಿ ತಲೆಯಾಡಿಸಿದ. "ಇದು ಮುದಿ ಎತ್ತರಿ ಸಾವ್ಕಾರ್ರ. ಸಾಲು ಹಿಡಿದ್ರ ಬಿಡಂಗಿಲ್ಲ ಖರೆ, ಆದ್ರ ತಿರುಗು ಅಂದ್ರ ಅಲ್ಲೇ ಸಂಜಿ ಮಾಡ್ತೈತಿ."

ಎರಡನೆಯದಕ್ಕೆ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕೀಲ್‌ಗಳು. ಯಾವ ಆಸರೆಯೂ ಇಲ್ಲದೆ ನೆಲದ ಮೇಲೆ ನೆಟ್ಟಗೆ ನಿಂತಿತ್ತು. ನೆರಳಿನಲ್ಲಿ ಒಂದು ಮೇಕೆ ಮೆಲುಕು ಹಾಕುತ್ತಿತ್ತು. ಕಸ್ತೂರೆವ್ವನ ಮುಖ ಅರಳಿತು. "ಇದನ್ನ ತಗೋರಿ. ತನ್ನ ಕಾಲ ಮ್ಯಾಲ ತಾ ನಿಂತೈತಿ. ನೀರು ಕಡಿಮಿ ಆದ್ರೂ ಕಾಳಜಿ ಇಲ್ಲ."

"ಅಕ್ಕಾರು ಖರೆ ಹೇಳ್ತಾರ್ರಿ," ಎಂದ ಕುತುಬುದ್ದೀನ. "ಓಟ ತುಸು ಕಡಿಮಿ. ಆದ್ರ ತೆಳು ನೀರಿಗಿ ಇದ ಚಲೋ."

ಮೂರನೆಯದು ಗೋಡೆಗೆ ಒರಗಿತ್ತು. ಬೀಳದಂತೆ ಬೊಂಬು, ಹಳೆಯ ಟೈರು ಕೊಟ್ಟಿದ್ದರು. ಹೊಟ್ಟೆಯ ನಡುವಿನಿಂದ ಒಂದೇ ಒಂದು ಕೀಲ್ ಆಳವಾಗಿ ಇಳಿದಿತ್ತು. ಅಮೋಘಸಿದ್ಧ ಅದರ ಕೆಳಗೆ ಕೈಯಾಡಿಸಿ ಪುಳಕಗೊಂಡ. "ಎದಿ ನೋಡ್ರಿ ಸಾವ್ಕಾರ್ರ, ಎದಿ! ಏನು ಆಳ ಐತಿ! ಎದಿ ಆಳ ಇದ್ದ ದನ ಎಂದೂ ಸೋತಿಲ್ಲ."

"ನಿಂದ್ರತೈತೇನು?" ಎಂದಳು ಕಸ್ತೂರೆವ್ವ.

"ಓಡೋ ದೋಣಿ ಯಾಕ ನಿಂದ್ರಬೇಕು?" ಎಂದ ಶಂಕರೆಪ್ಪ.

ಎರಡು ಕಾಲಿನದು ಅವನ ಮನಸ್ಸಿಗೂ ಬಂದಿತ್ತು. ಆದರೆ ಇಬ್ಬರು ಗಂಡಸರ ಎದುರು ಹೆಂಡತಿ ತೋರಿಸಿದ್ದನ್ನು ಕೊಂಡರೆ, ಸಂಜೆಯೊಳಗೆ ಆ ಸುದ್ದಿ ಅವಳ ಮೊಬೈಲಿನಿಂದ ಸಿದ್ಧರಾಮನ ಕಿವಿ ಮುಟ್ಟುತ್ತಿತ್ತು. ಆಳವಾದ ಎದೆಯೇ ಗೆದ್ದಿತು. ಅಮೋಘಸಿದ್ಧ ಹೆಗಲ ಮೇಲಿನ ಟವೆಲ್ ತೆಗೆದು ಕುತುಬುದ್ದೀನನ ಕೈಯ ಮೇಲೆ ಹೊದಿಸಿದ. ದನದ ಸಂತೆಯ ಗುಟ್ಟಿನ ಚೌಕಾಸಿಯಂತೆ ಒಳಗೆ ಬೆರಳುಗಳು ಹಿಡಿದವು, ಮಡಿಚಿದವು, ಜಗಳಾಡಿದವು. ಕೊನೆಗೆ ಇಬ್ಬರೂ ನಕ್ಕರು. ಬೆಲೆ ಎಷ್ಟಾಯಿತೆಂದು ಕಸ್ತೂರೆವ್ವನಿಗೆ ಈವರೆಗೂ ಗೊತ್ತಿಲ್ಲ, ಆದ್ದರಿಂದ ನಿಮಗೂ ಹೇಳುವಂತಿಲ್ಲ.

ದೋಣಿಯನ್ನು ಲಾರಿಗೆ ಏರಿಸುವ ಮೊದಲು ಅಮೋಘಸಿದ್ಧ ಅದರ ಹಗ್ಗಗಳನ್ನೆಲ್ಲ ಬಿಚ್ಚಿ, ಲಂಗರಿನದನ್ನೂ ಬಿಡದೆ, ಕುತುಬುದ್ದೀನನ ಕೈಗೆ ಕೊಟ್ಟುಬಿಟ್ಟ. ದನ ಮಾರಿದಾಗ ಹಗ್ಗ ಮಾರಿದವನದು. ಅದನ್ನು ಕೊಂಡವನು ಒಯ್ದರೆ ಮನೆಗೆ ಒಳ್ಳೆಯದಲ್ಲ. ಕುತುಬುದ್ದೀನ ಒಮ್ಮೆ ಬಾಯಿ ತೆರೆದವನು, ಒಳ್ಳೆಯ ನೈಲಾನ್ ಹಗ್ಗವನ್ನು ನೋಡಿ ಮುಚ್ಚಿಕೊಂಡ. ಹಾಯಿಗೆಂದು ಶಂಕರೆಪ್ಪ ಪೇಟೆಯಲ್ಲಿ ಹೊಸ ಹಗ್ಗ ಕೊಂಡ. ಲಂಗರಿಗೆ ಮಾತ್ರ ಅಮೋಘಸಿದ್ಧ ತನ್ನ ಕೈಯಾರೆ ಹೊಸ ಕಣ್ಣಿ ಕಟ್ಟಿದ. ಕರುವನ್ನು ಗೂಟಕ್ಕೆ ಕಟ್ಟುತ್ತಾರಲ್ಲ, ಅದೇ ಮೊಳದುದ್ದದ ಗಿಡ್ಡ ಕಣ್ಣಿ.

ಜೋಳದ ಕಣಿಕೆಯ ಹಾಸಿಗೆಯ ಮೇಲೆ ಬಾಣಂತಿಯಂತೆ ಮಲಗಿ ದೋಣಿ ಹಿನ್ನೀರಿಗೆ ಬಂತು. ಸಂಕ್ರಾಂತಿಯ ದಿನ ಟ್ರ್ಯಾಕ್ಟರಿನಿಂದ ದೂಡಿ ನೀರಿಗೆ ಇಳಿಸಿದಾಗ, ಯಾರೂ ನಂಬದಿದ್ದರೂ, ಅದು ತೇಲಿತು. ತೇಲಿದ್ದಷ್ಟೇ ಅಲ್ಲ, ಶಂಕರೆಪ್ಪ ಹಾಯಿ ಏರಿಸುತ್ತಲೇ ಓಡಿತು. ಅವನು ಕಚ್ಚೆ ಬಿಗಿದು, ಹಳದಿ ರುಮಾಲು ಸುತ್ತಿ ಚುಕ್ಕಾಣಿ ಹಿಡಿದಿದ್ದ. ಕಸ್ತೂರೆವ್ವ ಹಸಿರು ಇಳಕಲ್ ಸೀರೆಯ ಮೇಲೆ ಟ್ರ್ಯಾಕ್ಟರಿನ ಟ್ಯೂಬು ಹಾಕಿಕೊಂಡು, ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ದಂಡೆಯ ಮಂದಿ ಕೈಯಲ್ಲಿ ರೊಟ್ಟಿ ಹಿಡಿದೇ ಎದ್ದು ನಿಂತರು. ಸಿದ್ಧರಾಮನ ಬಾಯಿಗೆ ಹೊರಟಿದ್ದ ಸಜ್ಜೆ ರೊಟ್ಟಿ ಅರ್ಧ ದಾರಿಯಲ್ಲಿ ನಿಂತಿತು. ಅಷ್ಟು ವರ್ಷಗಳ ಹರಗೋಲಿನ ಸೇಡು ಆ ಅರ್ಧ ದಾರಿಯಲ್ಲಿ ತೀರಿತು. ಶಂಕರೆಪ್ಪನ ಕಣ್ಣಲ್ಲಿ ನೀರು ಬಂತು, ಗಾಳಿಗಂತೂ ಅಲ್ಲ.

"ಬಂತು ನೋಡ್ರಿ ನಮ್ಮ ಮಂದಿ. ಇನ್ನ ನಿಂದ್ರಸ್ರಿ," ಎಂದಳು ಕಸ್ತೂರೆವ್ವ.

ಶಂಕರೆಪ್ಪ ಗತ್ತಿನಿಂದ ಲಂಗರು ಎಸೆದ. ಲಂಗರು ಕಣ್ಣಿಯ ಉದ್ದದಷ್ಟು ಇಳಿದು, ನೆಲವನ್ನು ಕಾಣದೆ, ಕೊರಳಗಂಟೆಯಂತೆ ತೂಗಾಡುತ್ತ ದೋಣಿಯ ಜೊತೆಗೇ ಬಂತು.

"ಮಾಮಾ, ಎಲ್ಲಿಗಿ ಹೊಂಟ್ರಿ?" ಸಿದ್ಧರಾಮ ಕೂಗಿದ.

"ಬರ್ತೇನಿ, ಬರ್ತೇನಿ!" ಎನ್ನುತ್ತ ಶಂಕರೆಪ್ಪ ಬೀಗರನ್ನು ದಾಟಿ, ಅವರ ಎಮ್ಮೆಗಳನ್ನು ದಾಟಿ, ಕೈ ಮುಗಿಯುತ್ತ ಮುಂದಕ್ಕೆ ಹೋಗಿಬಿಟ್ಟ. ಹಾಯಿ ಇಳಿಸಲು ಎಳೆದ ಹಗ್ಗ ಅದನ್ನು ಇನ್ನಷ್ಟು ಉಬ್ಬಿಸಿತು.

"ನಿಂದ್ರಸ್ರಿ ಅಂದೆ!"

"ನಿಂದ್ರವಲ್ಲದು!"

"ಅದಕ್ಕ ಅವತ್ತ ಕೇಳಿದ್ದು, ನಿಂದ್ರತೈತೇನು ಅಂತ!"

ಬೈಯುತ್ತಿದ್ದ ಕಸ್ತೂರೆವ್ವ ಥಟ್ಟನೆ ಮುಂದಕ್ಕೆ ಬೆರಳು ತೋರಿಸಿದಳು. ನೀರಿನಿಂದ ಒಣಗಿದ ಮರವೊಂದರ ತುದಿ ಮೇಲೆದ್ದಿತ್ತು. "ಅದು ನಮ್ಮ ಹುಣಸಿ ಗಿಡ," ಎಂದಳು. ಮರುಗಳಿಗೆಗೆ, "ಇದು ಗುಡಿ ಓಣಿ. ಎಡಕ್ಕ ಹೊಡೀರಿ... ಅಲ್ಲಲ್ಲಾ, ಬಡಿಗೇರ ಮನಿ ಗ್ವಾಡಿ ಐತಿ, ಬಲಕ್ಕ!" ಮುಳುಗಿದ ಊರಿನ ಓಣಿಯಲ್ಲಿ ಅವಳು ಗಂಡನಿಗೆ ದಾರಿ ತೋರಿಸತೊಡಗಿದಳು. ಅವನು ತಿರುಗಿಸಿದ. ದೋಣಿ ಒಮ್ಮೆ ಗರ್‌ರೆಂದು ನೆಲ ಕೆರೆಯಿತು, ನಡುಗಿತು, ಧಡಕ್ಕನೆ ಒಂದು ಮೊಳ ಕೆಳಗಿಳಿದು ಗಪ್ಪನೆ ನಿಂತಿತು.

ಕಸ್ತೂರೆವ್ವ ಬಗ್ಗಿ ನೋಡಿದಳು. ಪಕ್ಕದಲ್ಲೇ ಮೊಣಕಾಲುಮಟ್ಟದ ನೀರಿನಡಿ ಕಲ್ಲಿನ ಕಟ್ಟೆಯೊಂದು ಹಸಿರಾಗಿ ಕಾಣುತ್ತಿತ್ತು. "ಯಪ್ಪಾ! ಇದು ನಮ್ಮ ಮನಿ! ನಮ್ಮ ಅಂಗಳದಾನ ಹಗೇವಿನ್ಯಾಗ ಹೊಕ್ಕೈತ್ರಿ ನಿಮ್ಮ ಕೀಲ್!"

ಅಂಗಳದಲ್ಲಿ ಅವಳಪ್ಪ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜದ ಬಾಯಿ ಕುಸಿದಿತ್ತು. ಆಳವಾದ ಎದೆ ಅದರಲ್ಲಿ ಬೆಣೆ ಬಡಿದಂತೆ ಕೂತುಬಿಟ್ಟಿತ್ತು. ಎರಡು ಗಿಡ್ಡ ಕಾಲಿನದಾಗಿದ್ದರೆ ಮೇಲೆಯೇ ತೇಲಿ ಹೋಗುತ್ತಿತ್ತು.

ಕಸ್ತೂರೆವ್ವ ಟ್ಯೂಬು ಕಳಚಿ, ಸೀರೆ ಎತ್ತಿ ಕಟ್ಟಿ ಕಟ್ಟೆಯ ಮೇಲೆ ಇಳಿದಳು. ನೀರಿನೊಳಗೆ ಕೈ ಹಾಕಿ ಹೊಸ್ತಿಲಿನ ಕಲ್ಲು ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಅತ್ತಳು, ನಕ್ಕಳು, ಮತ್ತೆ ಅತ್ತಳು. ಊರು ಬಿಟ್ಟ ಮೇಲೆ ಅವಳ ಮುಖದಲ್ಲಿ ಇಂಥ ಖುಷಿಯನ್ನು ಶಂಕರೆಪ್ಪ ಕಂಡಿರಲಿಲ್ಲ. ಅವನಿಗೆ ತುಂಬ ಸಂತೋಷವಾಯಿತು, ದಂಡೆಯ ಮೇಲೆ ಮಂದಿ ನೋಡುತ್ತಿರುವುದೇ ಮರೆತುಹೋಯಿತು.

ಮಂದಿ ಮರೆತಿರಲಿಲ್ಲ. ಸಿದ್ಧರಾಮ ಹಳೆಯ ಓಣಿಯ ಗುರುತು ಹಿಡಿದು ಸೊಂಟದ ನೀರಿನಲ್ಲಿ ನಡೆದುಕೊಂಡೇ ಬಂದ. ಕೈಯಲ್ಲಿ ತಾಮ್ರದ ತಂಬಿಗೆ. ಕಟ್ಟೆ ಹತ್ತಿ, ಬಗ್ಗಿ, ಹಿನ್ನೀರಿನಲ್ಲೇ ತಂಬಿಗೆ ತುಂಬಿ ಎತ್ತಿ ಹಿಡಿದ. ಬಾಗಿಲಿಗೆ ಬಂದ ಅಳಿಯನಿಗೆ ಕಾಲು ತೊಳೆಯಲು ನೀರು ಕೊಡದೆ ಒಳಗೆ ಕರೆಯುವುದುಂಟೇ?

"ಮನಿಗಿ ಬಂದ್ರಿ ಮಾಮಾ. ಕಾಲಿಗೆ ನೀರು ತಗೋರಿ."

ಶಂಕರೆಪ್ಪ ರುಮಾಲು ಸರಿಮಾಡಿಕೊಂಡು ಘನತೆಯಿಂದ ಕಾಲು ಇಳಿಸಿದ. ಕಟ್ಟೆಯ ಮೇಲೆ ಪಾಚಿ ಇತ್ತು. "ಯವ್ವಾ, ನಾ ಸತ್ತೆನವ್ವಾ!" ಎಂಬ ಕೂಗು ಆಚೆ ದಂಡೆಗೂ ಕೇಳಿಸಿತು. ಮಂದಿ ನೋಡಿದಾಗ ಅವನು ಮೊಣಕಾಲುಮಟ್ಟದ ನೀರಿನಲ್ಲಿ ಕೂತು ಸಿದ್ಧರಾಮನ ಕಾಲನ್ನು ಅಪ್ಪಿ ಹಿಡಿದಿದ್ದ.

ದೋಣಿಯನ್ನು ಕೀಳಲು ಹಗ್ಗ ಹಾಕಿ ಎಳೆದರು, ಎಮ್ಮೆ ಕಟ್ಟಿ ಎಳೆದರು, ಬರಲಿಲ್ಲ. ಮುಂದೆ ಹಿನ್ನೀರು ಇಳಿಯುತ್ತ ಹೋಯಿತು. ನೆಲ ತೆರೆದಲ್ಲೆಲ್ಲ ಎಂದಿನಂತೆ ಮಂದಿ ಬಿತ್ತಿದರು. ಸಿದ್ಧರಾಮನೂ ತನ್ನ ಹಳೆಯ ಅಂಗಳ, ಹಿತ್ತಲಿನಲ್ಲೆಲ್ಲ ಸೂರ್ಯಕಾಂತಿ ಹಾಕಿದ. ಅದರ ನಡುವೆ ಹಾಯಿದೋಣಿ, ಗೋಡೆಯಿಲ್ಲದೆ, ಬೊಂಬಿಲ್ಲದೆ, ಟೈರಿಲ್ಲದೆ ನೆಟ್ಟಗೆ ನಿಂತಿತ್ತು.

"ನಾನೇ ತಪ್ಪು ಅಂದಿದ್ದೆ," ಎಂದಳು ಕಸ್ತೂರೆವ್ವ, ತವರಿನ ಕಟ್ಟೆಯ ಮೇಲೆ ಒಲೆ ಹೂಡಿಕೊಂಡು. "ಚಲೋ ನಿಂತೈತಿ ಬಿಡ್ರಿ." ವಾರ ವಾರವೂ ಇಂಡಿಯಿಂದ ಬರುವುದು ಈಗ ಅವಳ ಪದ್ಧತಿ. ಗಂಡನೂ ಬರಲೇಬೇಕು, ಏಕೆಂದರೆ ತೆನೆ ಕಟ್ಟಿದ ಸೂರ್ಯಕಾಂತಿಗೆ ಗಿಳಿಗಳ ಕಾಟ, ಸುತ್ತಲ ಹೊಲಕ್ಕೆಲ್ಲ ಆ ದೋಣಿಯಷ್ಟು ಎತ್ತರದ ಕಾವಲಿನ ಅಟ್ಟ ಇನ್ನೊಂದಿಲ್ಲ.

ಚುಕ್ಕಾಣಿಯ ಪಕ್ಕದಲ್ಲಿ ಹಳದಿ ರುಮಾಲು ಸುತ್ತಿ ಕೂತು ಶಂಕರೆಪ್ಪ ಕವಣೆ ಬೀಸುತ್ತಾನೆ. "ಹೋ... ಹೋ..." ಎಂದು ಕೂಗುತ್ತಾನೆ. ಗಿಳಿಗಳು ಎದ್ದು, ಒಂದು ಸುತ್ತು ಹಾರಿ, ಹಾಯಿಯ ಕಂಬದ ಮೇಲೆಯೇ ಕೂರುತ್ತವೆ.

"ಊಟಕ್ಕ ಬರ್ರೀ," ಎಂದು ಕಸ್ತೂರೆವ್ವ ಕರೆದಳು. ಅವನು ಏಣಿಗೆ ಕಾಲಿಟ್ಟು ಕೆಳಗೆ ನೋಡಿದ. ಸುತ್ತ ಎಲ್ಲಿಯೂ ಹನಿ ನೀರಿರಲಿಲ್ಲ. ಹೊಸ ಊರಿನಿಂದ ಅಷ್ಟು ದೂರ ಕೊಡದಲ್ಲಿ ನೀರು ಹೊತ್ತು ತಂದು, ಸಿದ್ಧರಾಮ ತಂಬಿಗೆ ತುಂಬಿಕೊಂಡು ನಿಂತಿದ್ದ.