ಗಾಲ್ಫ್ ಜಾಗಕ್ಕೆ ನಕ್ಷೆ ಹಿಡಿದು ಹೊರಟಾಗ

ನಕ್ಷೆ ಮಾಡುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಕಾಗದದ ಮೇಲೆ ಎಲ್ಲ ಸರಿಯಾಗಿರುತ್ತದೆ. ಜೀಪಿನಿಂದ ಕಾಲು ಕೆಳಗಿಟ್ಟ ಕೂಡಲೇ ಫಜೀತಿ ಶುರು. ತೊಂಬತ್ತರ ದಶಕದಲ್ಲಿ, ವೈಟ್‌ಫೀಲ್ಡಿನ ಒಂದು ಸಣ್ಣ ಕಂಪನಿಯಲ್ಲಿ ನನಗಾದದ್ದು ಇದು.

೧. ಹದಿನೆಂಟು ಗುಂಡಿ

ಉಪಗ್ರಹ ಚಿತ್ರಗಳನ್ನೂ ನಕ್ಷೆಗಳನ್ನೂ ಕಂಪ್ಯೂಟರಿಗೆ ತುಂಬಿಸುವ ಹೊಸ ವಿಭಾಗ ತೆರೆದು ಬಾಸ್ ನನ್ನನ್ನು ಅಲ್ಲಿ ಕೂರಿಸಿದ್ದರು. ಮೊದಲ ಕೆಲಸ, ಒಬ್ಬ ಉದ್ಯಮಿಗೆ ಗಾಲ್ಫ್ ಮೈದಾನದ ಜಾಗ ಹುಡುಕುವುದು. "ಇದು ಕೈಕೊಟ್ರೆ ವಿಭಾಗ ಮುಚ್ತೀನಿ ಕಣ್ರೀ. ನೀವು ವಾಪಸ್ ಡ್ರಾಯಿಂಗ್ ಬೋರ್ಡಿಗೆ," ಅಂದರು. ಹನ್ನೆರಡು ವರ್ಷ ಆ ಬೋರ್ಡಿನ ಮುಂದೆ ಬೆನ್ನು ಬಗ್ಗಿಸಿದವನು ನಾನು. ನಿಜಕ್ಕೂ ಹೆದರಿದೆ.

ಮನೆಗೆ ಬಂದು ಹೆಂಡತಿಗೆ ವಿವರಿಸಿದೆ: ಒಂದು ಚೆಂಡು, ಹದಿನೆಂಟು ಗುಂಡಿ, ನೂರೈವತ್ತು ಎಕರೆ. ಅವಳು ಧಾರವಾಡದವಳು.

"ಹದಿನೆಂಟು ತೆಗ್ಗಿಗೆ ಅಷ್ಟು ಜಾಗ ಯಾಕ್ರೀ? ನಮ್ಮ ಮನಿ ಮುಂದಿನ ರಸ್ತೆದಾಗ ಇಪ್ಪತ್ತು ಅದಾವಲ್ಲ!"

೨. ಮೊದಲ ರ‍್ಯಾಂಕ್

ಕಂಪ್ಯೂಟರ್ ಪ್ರತಿ ಜಾಗಕ್ಕೂ ಅಂಕ ಕೊಡುತ್ತಿತ್ತು: ಇಳಿಜಾರಿಗೆ ಇಷ್ಟು, ರಸ್ತೆ ಹತ್ತಿರವಿದ್ದರೆ ಇಷ್ಟು, ಮನೆಗಳಿಲ್ಲದಿದ್ದರೆ ಇಷ್ಟು. ಜಿಗಣಿಯ ಆಚೆ ಒಂದು ಬಯಲಿಗೆ ಮೊದಲ ರ‍್ಯಾಂಕ್ ಬಂತು. ಮಳೆಗಾಲ ಮುಗಿದಿತ್ತು, ಬಾಸನ್ನೂ ಕರೆದುಕೊಂಡು ಠೀವಿಯಿಂದ ಹೊರಟೆ.

ಹೋಗಿ ನೋಡಿದರೆ ತುಂಬಿದ ಕೆರೆ. ಉಪಗ್ರಹ ಅದು ಒಣಗಿದ್ದ ಬೇಸಿಗೆಯಲ್ಲಿ ಚಿತ್ರ ತೆಗೆದಿತ್ತು. ಹಳೆಯ ನಕ್ಷೆಯನ್ನೊಮ್ಮೆ ಬಿಚ್ಚಿ ನೋಡುವ ತಾಳ್ಮೆ ನನಗಿರಲಿಲ್ಲ. ಬಾಸ್ ನನ್ನನ್ನೇ ದಿಟ್ಟಿಸುತ್ತಿದ್ದರು. ದಡದಲ್ಲಿ ಗಾಳ ಹಾಕಿ ಕೂತವನು ವಿಚಾರಿಸಿದ:

"ಜಾಗ ನೋಡಕ್ ಬಂದ್ರಾ ಸಾರ್? ಈಜಕ್ ಬತ್ತದಾ?"

೩. ದನ ಕಾಯುವವರ ತೀರ್ಪು

ಎರಡನೇ ಜಾಗ ಸೊಗಸಾಗಿತ್ತು. ಸಣ್ಣ ಏರು, ಸಣ್ಣ ಇಳಿಜಾರು, ಹುಲ್ಲು, ಪಕ್ಕದಲ್ಲೇ ನೀರಿನ ಕುಂಟೆ. ಆದರೆ ಅದು ಊರಿನ ದನ ಮೇಯುವ ಗೋಮಾಳ. ಅಲ್ಲಿ ದನ ಕಾಯುತ್ತಿದ್ದ ಅಜ್ಜನಿಗೆ, ಎರಡು ತಿಂಗಳು ಕಂಪ್ಯೂಟರಿನಲ್ಲಿ ಹುಡುಕಿದ ಜಾಗ ಇದು ಎಂದೆ.

"ಎಲ್ಡು ತಿಂಗ್ಳಾ? ನಮ್ ಅಸುಗಳನ್ನ ಬಿಟ್ಟಿದ್ರೆ ಒಂದ್ ಗಂಟೇಲಿ ತೋರ್ಸಿರವು ಕಣಪ್ಪ!"

೪. ಹಸಿರು ಚೌಕ

ಉದ್ಯಮಿ ಆಫೀಸಿಗೆ ಬಂದ ದಿನ ಬಾಸ್ ಕೂಡ ಎದುರಿಗೇ ಕೂತಿದ್ದರು. ನಾನು ಗೋಮಾಳದ ಕಥೆ ಮುಚ್ಚಿಡದೆ ಹೇಳಿದೆ. "ದನಗಳಿಗೆ ಬೇರೆ ಜಾಗ ಸಿಗತ್ತೇನ್ರೀ?" ಎಂದು ಉದ್ಯಮಿ ಕೇಳಿದರು.

ಅದನ್ನೂ ಹುಡುಕಿಟ್ಟಿದ್ದೆ! ಹುಲ್ಲು, ನೀರು, ನೆರಳು, ಎಲ್ಲಕ್ಕೂ ಪೂರ್ತಿ ಅಂಕ ಬಂದಿದ್ದ ಒಂದು ಹಸಿರು ಚೌಕ ಗೋಮಾಳದ ಹತ್ತಿರವೇ ಇತ್ತು. ಹೆಮ್ಮೆಯಿಂದ ನಕ್ಷೆ ಹಾಸಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಆ ಹಸಿರು ಚೌಕದ ಮೇಲೆ ಬೆರಳಿಟ್ಟರು.

"ಇದು ನನ್ನ ತೋಟದ ಮನೆ ಕಣ್ರೀ."

ಬಾಸ್ ಮುಖ ಸುಣ್ಣವಾಯಿತು. ನಾನಂತೂ ಮನಸ್ಸಿನಲ್ಲೇ ಡ್ರಾಯಿಂಗ್ ಬೋರ್ಡಿನ ಧೂಳು ಒರೆಸಲು ಶುರುಮಾಡಿದ್ದೆ.

ಉದ್ಯಮಿ ಕನ್ನಡಕ ತೆಗೆದು ಬಾಸ್ ಕಡೆ ತಿರುಗಿದರು. "ಗೋಮಾಳ ಬೇಡ. ಇನ್ನೊಂದು ಜಾಗ ಹುಡುಕಿಸಿ, ಆದ್ರೆ ಇವರ ಕೈಲೇ. ಈ ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣ್ರೀ. ಎರಡು ಸಲ ಕಾಂಪೌಂಡ್ ಎತ್ತರಿಸಿದ್ರೂ ಊರ ದನ ಎಲ್ಲಾ ನಮ್ಮ ತೋಟಕ್ಕೇ ಯಾಕೆ ನುಗ್ತವೆ ಅಂತ ನನಗೆ ಇವತ್ತು ಗೊತ್ತಾಯ್ತು!"