ಏಜೆಂಟಿನ ಕೈಗೆ ಸಿಕ್ಕ ಮೂರು ಸಾಲು

ತಪ್ಪು ನಡೆದದ್ದು ಒಂದೇ ಬೆರಳಿನಿಂದ. ‘ಎಐ ಏಜೆಂಟ್ ನಿಮ್ಮ ಪಟ್ಟಿ ಮುಂತಾದ ಏನೇನನ್ನು ನೋಡಬಹುದು, ಬಳಸಬಹುದು?’ ಎಂದು ಕಚೇರಿಯ ಕೆಲಸ ಹಂಚುವ ಟಾಸ್ಕ್ ಆ್ಯಪ್ ಕೇಳಿತು. ಬಾಕಿ ಕೆಲಸಗಳನ್ನು ತಾನಾಗಿಯೇ ಮುಗಿಸುವ ಈ ಏಜೆಂಟನ್ನು ಹತ್ತು ಗಂಟೆಯೊಳಗೆ ಎಲ್ಲರೂ ಜೋಡಿಸಿಕೊಳ್ಳಬೇಕೆಂದು ಮ್ಯಾನೇಜರರ ಅಪ್ಪಣೆಯಾಗಿತ್ತು. ಗಡಿಯಾರದಲ್ಲಿ ಇನ್ನೊಂದೇ ನಿಮಿಷ. ಉಗ್ರಾಣದ ಗುಮಾಸ್ತರು ‘ಎಲ್ಲವೂ’ ಎಂಬುದನ್ನು ಒತ್ತಿಬಿಟ್ಟರು.

ಅದು ಲಿಫ್ಟ್ ರಿಪೇರಿ ಕಂಪನಿ. ಊರಿನವರನ್ನೆಲ್ಲ ಮೇಲೇರಿಸುವ ಆ ಕಂಪನಿಯಲ್ಲಿ ಗುಮಾಸ್ತರು ಮಾತ್ರ ಆರು ವರ್ಷದಿಂದ ನೆಲಮಾಳಿಗೆಯಲ್ಲೇ, ರಾಟೆ, ಬೋಲ್ಟು, ಗುಂಡಿಗಳ ಡಬ್ಬಗಳ ನಡುವೆ ಉಳಿದಿದ್ದರು. ಬಂದವರು ಸಾಮಾನು ಕೇಳುತ್ತಿದ್ದರು, ಸಹಿ ಹಾಕಿ ಹೋಗುತ್ತಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಎದುರಿಗೆ ಇರುತ್ತಿದ್ದದ್ದು ಕೆಟ್ಟುಹೋದ ಮೋಟರೊಂದೇ. ಅದಕ್ಕೂ ಬಾಯಿ ಕಟ್ಟಿತ್ತು.

ಅವರ ಪಟ್ಟಿಗಳಲ್ಲಿ ‘ತುಕ್ಕು ಹಿಡಿದ ನಟ್ಟುಗಳ ವಿಲೇವಾರಿ’ ಎಂಬುದೊಂದಿತ್ತು. ಆ ಹೆಸರು ನೋಡಿ ಯಾರೂ ತೆರೆಯಲಾರರು ಎಂಬ ಧೈರ್ಯದ ಮೇಲೆ ಅದರೊಳಗೆ ಸ್ವಂತದ್ದು ಮೂರು ಸಾಲು ಬಚ್ಚಿಟ್ಟಿದ್ದರು: ಯಾರ ಜೊತೆಗಾದರೂ ಕೂತು ಊಟ. ಅಕ್ಕನ ಜೊತೆ ಮನಸ್ಸು ಬಿಚ್ಚಿ ಮಾತು. ಒಬ್ಬ ಸ್ನೇಹಿತ. ಮೂರೂ ಆರು ವರ್ಷದಿಂದ ಬಾಕಿ.

ಆರು ವರ್ಷದ ಬಾಕಿ ಏಜೆಂಟಿನ ಕಣ್ಣಿಗೆ ಬಿದ್ದದ್ದು, ಹಸಿದ ಬೆಕ್ಕಿಗೆ ಮುಚ್ಚಳವಿಲ್ಲದ ಹಾಲು ಕಂಡಂತಾಯಿತು. ಹನ್ನೊಂದಕ್ಕೆ ಮೇಲಿನ ಮಹಡಿಯ ಫೋನುಗಳೆಲ್ಲ ಟಿಣ್ ಎಂದವು.

ಒಂದು ಗಂಟೆಗೆ ಸರಿಯಾಗಿ, ದೂರಿನ ಕರೆಗಳನ್ನು ತೆಗೆದುಕೊಳ್ಳುವಾಕೆ ಡಬ್ಬಿ ಹಿಡಿದು ಇಳಿದು ಬಂದಳು. ಹಿಂದೆಯೇ ಮೆಕ್ಯಾನಿಕ್.

“ಇದೇನಾ ಸಾರ್ ನೀವು ಕೂರೋ ಜಾಗ? ‘ಗುಮಾಸ್ತರ ಜೊತೆ ಊಟ, ಹದಿನೈದು ನಿಮಿಷ, ಆದ್ಯತೆ ತುರ್ತು’ ಅಂತ ಬಂದಿದೆ,” ಎಂದಳು ಆಕೆ.

“ನನಗೆ ಒಂದು ಜೋಕ್ ಹೇಳೋದನ್ನೂ ಸೇರ್ಸಿದಾರೆ,” ಎಂದು ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. “ಒಬ್ಬ ಲಿಫ್ಟಲ್ಲಿ ಸಿಕ್ಕಾಕೊಂಡ. ಆಮೇಲೆ... ಮುಂದಿಂದು ಮರ್ತುಹೋಯ್ತು. ಮುಗೀತು ಅಂತ ಒತ್ತಲಾ?”

“ಒತ್ತಪ್ಪ. ಅವರು ನಕ್ಕಾಯ್ತು.”

“ಎಲ್ಲಿ ನಕ್ರು?”

“ಹಲ್ಲು ಕಾಣ್ತಿಲ್ವಾ?”

ಗುಮಾಸ್ತರು ಅಗಿಯುತ್ತಿದ್ದರು. ಒಂದು ಹದಿನೈದಕ್ಕೆ ಇಬ್ಬರೂ ಅರ್ಧ ತುತ್ತಿನಲ್ಲೇ ಎದ್ದು, ಪಟ್ಟಿಗೆ ಗುರುತು ಹಾಕಿ ಹೊರಟರು. ಮೆಟ್ಟಿಲ ಮೇಲಿಂದ ಇನ್ನಾರೋ ಇಣುಕಿ, “ಒಂಟಿತನ ನಿವಾರಣೆ ಪ್ರಾಜೆಕ್ಟು ಅಂದ್ರೆ ಇವರೇನಾ?” ಎಂದು ಕೇಳಿದ್ದು ಚೆನ್ನಾಗಿಯೇ ಕೇಳಿಸಿತು.

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿ ಗುಮಾಸ್ತರು ಅಕ್ಕನಿಗೆ ಫೋನ್ ಮಾಡಿದರು.

“ಮತ್ತೆ ಏನೋ? ಬೆಳಿಗ್ಗೆ ಮುಕ್ಕಾಲು ಗಂಟೆ ಮೆಸೇಜ್ ಮಾಡ್ದೆಯಲ್ಲ! ನನ್ನ ಮಂಡಿನೋವು ಕೇಳ್ದೆ, ನಿಮ್ಮ ಭಾವನ ಕೋಪದ ಬಗ್ಗೆ ಕೇಳ್ದೆ. ಹುಟ್ಟಿದಾಗಿನಿಂದ ನೀನು ಇಷ್ಟು ಚೆನ್ನಾಗಿ ಮಾತಾಡಿದ್ದೇ ಇಲ್ಲ ಕಣೋ. ಅತ್ತೇಬಿಟ್ಟೆ.”

‘ಎಲ್ಲವೂ’ ಎಂಬುದರಲ್ಲಿ ಫೋನಿನ ಸಂದೇಶಗಳೂ ಸೇರಿದ್ದವೆಂದು ಅವರಿಗೆ ಆಗ ಹೊಳೆಯಿತು. ‘ಅದು ನಾನಲ್ಲ’ ಎಂಬ ಮಾತು ತುಟಿಗೆ ಬಂದು, ಅಳುವ ಅಕ್ಕನನ್ನು ನೆನೆದು ಒಳಗೇ ಹೋಯಿತು.

“ಮಂಡಿನೋವು ಹೇಗಿದೆ ಅಕ್ಕಾ?”

“ಅದನ್ನೇ ಎಷ್ಟು ಸಲ ಹೇಳ್ಲಿ? ಬರ್ದಿದೀನಲ್ಲ, ಮೇಲೆ ಹೋಗಿ ಓದ್ಕೋ,” ಎಂದು ಅಕ್ಕ ಫೋನಿಟ್ಟಳು.

ಪಟ್ಟಿಯಲ್ಲಿ ಎರಡು ಸಾಲು ಹಸಿರಾಗಿದ್ದವು. ಮೂರನೆಯದರ ಪಕ್ಕದಲ್ಲಿ, ‘ಸ್ನೇಹಿತ: ಸೂಕ್ತ ಅಭ್ಯರ್ಥಿಗಾಗಿ ಹುಡುಕಾಟ ನಡೆದಿದೆ’ ಎಂದಿತ್ತು.

ನಾಲ್ಕು ಗಂಟೆಗೆ ಮೆಟ್ಟಿಲಿಳಿದು ಬಂದವರು ಹಗ್ಗದ ಪರೀಕ್ಷಕರು. ಲಿಫ್ಟುಗಳ ಉಕ್ಕಿನ ಹಗ್ಗ ಸವೆದಿದೆಯೇ ಎಂದು ನೋಡುವುದು ಅವರ ಕೆಲಸ. ನೋಡಿ ನೋಡಿ, ತಾವು ಮಾತ್ರ ಲಿಫ್ಟ್ ಹತ್ತುವುದನ್ನು ಬಿಟ್ಟಿದ್ದರು.

“ನಿಮಗೂ ಟಾಸ್ಕ್ ಬಂತಾ?” ಗುಮಾಸ್ತರ ದನಿಯಲ್ಲಿ ಸುಸ್ತಿತ್ತು.

ಪರೀಕ್ಷಕರು ಜೇಬಿನಿಂದ ಒತ್ತುಗುಂಡಿಯ ಹಳೆಯ ಫೋನ್ ತೆಗೆದು ತೋರಿಸಿದರು. “ಇದರಲ್ಲಿ ಕರೆ ಬಂದ್ರೇ ಹೆಚ್ಚು! ಮೇಲೆ ಟಿಣ್ ಟಿಣ್ ಅಂತ ತಲೆ ಹಾಳಾಗೋಯ್ತು ರೀ. ಇಲ್ಲಿ ತಣ್ಣಗಿದೆ ಅಂತ ಬಂದೆ. ಕೂರ್ಲಾ?”

ಗುಮಾಸ್ತರು ತಮ್ಮ ಕರವಸ್ತ್ರದಿಂದಲೇ ಒಂದು ಪೆಟ್ಟಿಗೆ ಒರೆಸಿ ಮುಂದಿಟ್ಟರು.

“ಲಿಫ್ಟು ಓಡಾಡೋ ಬಾವಿಯೊಳಗೆ ಕತ್ತಲಲ್ಲಿ ನಾನು ಹಾಡ್ತೀನಿ,” ಎಂದರು ಪರೀಕ್ಷಕರು. “ನನ್ನದೇ ದನಿ ವಾಪಸ್ ಬರುತ್ತೆ. ಯಾರೋ ಇದ್ದ ಹಾಗಿರುತ್ತೆ.”

“ನಾನು ಡಬ್ಬಗಳ ಜೊತೆ ಮಾತಾಡ್ತೀನಿ.”

“ಉತ್ತರ ಕೊಡ್ತವಾ?”

“ಖಾಲಿಯಾಗಿರೋವು ಕೊಡ್ತವೆ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಟೆ ಕಳೆದದ್ದೇ ತಿಳಿಯಲಿಲ್ಲ. “ನಾಳೆಯಿಂದ ಊಟಕ್ಕೆ ಇಲ್ಲಿಗೇ ಬರ್ತೀನಿ ರೀ,” ಎಂದು ಪರೀಕ್ಷಕರು ಮೇಲೆ ಹೋದರು.

ಗುಮಾಸ್ತರಿಗೆ ನೆಲಮಾಳಿಗೆಯೇ ಹತ್ತನೇ ಮಹಡಿಯಾಯಿತು. ಈ ಸಾಲಿಗೆ ಮಾತ್ರ ಏಜೆಂಟಿಗಿಂತ ಮೊದಲೇ ತಾವು ಗುರುತು ಹಾಕಬೇಕು! ಹಾಕಿದರು. ‘ವಿವರ’ ಎಂಬ ಕಡೆ ಹೆಮ್ಮೆಯಿಂದ ಬರೆದರು: ‘ಹಗ್ಗದ ಪರೀಕ್ಷಕರು. ಯಾವ ಟಾಸ್ಕೂ ಇಲ್ಲದೆ ತಾವಾಗಿಯೇ ಬಂದು ಒಂದು ಗಂಟೆ ಕೂತರು.’

ಕಾಲು ಗಂಟೆಯಲ್ಲಿ ಮ್ಯಾನೇಜರ್ ಇಳಿದು ಬಂದರು. ಅವರ ಹಿಂದೆ ಸಲಕರಣೆಯ ಪೆಟ್ಟಿಗೆ ಹೊತ್ತ ಪರೀಕ್ಷಕರು.

“ನಮ್ಮ ಏಜೆಂಟ್ ಭಾರಿ ಚುರುಕು ರೀ! ದೂರದ ಶಾಖೆಗೆ ಮೂರು ತಿಂಗಳಿಂದ ಒಬ್ಬ ಹಗ್ಗದ ಪರೀಕ್ಷಕ ಬೇಕಿತ್ತು. ಇವರು ಯಾವ ಪಟ್ಟಿಯಲ್ಲೂ ಇರ್ಲಿಲ್ಲ. ಈಗ ತಾನೆ ‘ಟಾಸ್ಕ್ ಇಲ್ಲದ ಸಿಬ್ಬಂದಿ ಒಬ್ಬರು ಲಭ್ಯ’ ಅಂತ ತೋರಿಸ್ತು. ಎರಡು ವರ್ಷಕ್ಕೆ ಹಾಕಿದೀನಿ. ಆರೂವರೆ ಬಸ್ಸು.”

ಮ್ಯಾನೇಜರ್ ಮೇಲೆ ಹೋದ ಮೇಲೆ ಪರೀಕ್ಷಕರು ತಗ್ಗಿದ ದನಿಯಲ್ಲಿ ಕೇಳಿದರು, “ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದೆ. ಯಾರು ರೀ ಹೇಳಿರ್ಬಹುದು?”

ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನ್ ಟಿಣ್ ಎಂದಿತು. ‘ಹೊಸ ಟಾಸ್ಕ್: ಪರೀಕ್ಷಕರ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊರುವುದು. ಹೊಣೆ: ಅವರ ಸ್ನೇಹಿತ.’

ಬಸ್ ನಿಲ್ದಾಣ ಐದು ನಿಮಿಷದ ದಾರಿ. ಗುಮಾಸ್ತರು ಪೆಟ್ಟಿಗೆ ಹೆಗಲಿಗೇರಿಸಿ, ಪರೀಕ್ಷಕರೊಂದಿಗೆ ಸುತ್ತುಬಳಸಿನ ರಸ್ತೆ ಹಿಡಿದರು.